ಡಬ್ಬಿಯಲ್ಲಿ ಬಚ್ಚಿಟ್ಟ ಸ್ವರ

ಕಾಟ್ಟಿಕುಳಂನಿಂದ ಪುಲ್ಪಳ್ಳಿಯವರೆಗೆ ಹುಡುಕಿದರೂ ಗಿಟಾರಿನಲ್ಲಿ ರೈಲು ಓಡಿಸಬಲ್ಲವನು ನಾನೊಬ್ಬನೇ. ಬೇರೆ ಯಾರೂ ಇದನ್ನು ಹೇಳುವುದಿಲ್ಲ, ಅದಕ್ಕೇ ನಾನೇ ಹೇಳಿಕೊಳ್ಳಬೇಕಾಗಿದೆ. ವಯನಾಡಿಗೆ ಇವತ್ತಿಗೂ ರೈಲು ಬಂದಿಲ್ಲ. ನಾವು ಬಾರಿಸುವುದು ಕಂಟ್ರಿ ಸಂಗೀತ, ಅಮೆರಿಕದ ಹಳ್ಳಿಗರ ಹಾಡು. ಅದರಲ್ಲಿ ಅರ್ಧ ರೈಲಿನ ಮೇಲೆ, ಇನ್ನರ್ಧ ಬಿಟ್ಟುಹೋದ ಹೆಂಗಸಿನ ಮೇಲೆ. ರೈಲು ನೋಡದ ಜನ ಎದುರಿಗೆ ಕೂತು ತಲೆದೂಗುತ್ತಾರೆ. ಬಿಟ್ಟುಹೋಗುವುದು ಎಲ್ಲರಿಗೂ ಗೊತ್ತಿರುವುದರಿಂದ ಇರಬೇಕು.

ನಾವು ಮೂರು ಜನ. ಹಾಡುವವನು ಪುಲ್ಪಳ್ಳಿಯ ಮೆಣಸಿನ ತೋಟದವನು, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ತೆಂಕಣ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರ ಮನೆಯ ಮಗ. ಹದಿನೈದು ವರ್ಷ ಹೆಗ್ಗಡದೇವನಕೋಟೆಯ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದ. ಕನ್ನಡ ಅಲ್ಲಿಯ ಆಳುಗಳ ಜೊತೆ ಕಲಿತದ್ದು. ಊರವರೆಲ್ಲ ಕರೆಯುವ ಹಾಗೆ ನಾನೂ ಅವನನ್ನು ಅಚ್ಚಾಯ ಅನ್ನುತ್ತೇನೆ. ತಾಳಕ್ಕೆ ಕೂರುವವನು ತೋಲ್ಪೆಟ್ಟಿಯ ಫಾರೆಸ್ಟ್ ವಾಚರ್, ಬೆಟ್ಟಕುರುಬರವನು. ಮರದ ಪೆಟ್ಟಿಗೆಯ ಮೇಲೆ ಕೂತು ಅದನ್ನೇ ಅಂಗೈಯಲ್ಲಿ ಬಡಿಯುತ್ತಾನೆ. ನಾನು ಕಾಟ್ಟಿಕುಳಂ ಹತ್ತಿರದ ಜೈನ ಗೌಡ, ಕಾಫಿಯವನು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಮನೆ ನಮ್ಮದು, ಹಾಗಾಗಿ ಹಗಲಿನ ಕಾರ್ಯಕ್ರಮ ಬಿಟ್ಟು ಬೇರೆ ಒಪ್ಪುವುದಿಲ್ಲ. ಭಾನುವಾರ ಮಧ್ಯಾಹ್ನ ಒಂದು ರೆಸಾರ್ಟಿನಲ್ಲಿ, ಜನ ಮೀನು ಹುರಿದದ್ದು ತಿನ್ನುವಾಗ, ನಾವು ಬಾರಿಸುತ್ತಿದ್ದೆವು. ಸ್ಟೇಜಿನ ಮೇಲೆ ನಮ್ಮೊಳಗೆ ಕನ್ನಡವೇ. ಎದುರಿಗೆ ಕೂತವರನ್ನು ಅವರ ಮುಖ ನೋಡಿಕೊಂಡೇ ಬೈಯಬಹುದಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅದರ ಹೆಸರು ಬೋಣಿ. ಅಚ್ಚಾಯ ಮೈಸೂರಿನ ಮಾರುಕಟ್ಟೆಯಲ್ಲಿ ಶುಂಠಿ ಮಾರುವಾಗ ಕಲಿತುಬಂದ ಮಾತು. ದಿನದ ಮೊದಲ ವ್ಯಾಪಾರ ಚೆನ್ನಾಗಿ ಆಗಬೇಕು ಅಂತಾರಲ್ಲ, ಹಾಗೆ ಪ್ರತಿ ಕಾರ್ಯಕ್ರಮಕ್ಕೆ ಮೊದಲು ನಾವಿಬ್ಬರೂ ಒಬ್ಬರಿಗೊಬ್ಬರು ಒಂದು ಕಿತಾಪತಿ ಮಾಡಲೇಬೇಕು. ನಾನು ಅವನ ಬಿಸಿನೀರಿನ ಫ್ಲಾಸ್ಕಿಗೆ ಬೇವಿನ ಕಷಾಯ ಹಾಕಿದ್ದೇನೆ. ಮೈಕಿನ ಸ್ಟ್ಯಾಂಡನ್ನು ಮೊಣಕಾಲಿನ ಎತ್ತರಕ್ಕೆ ಬಿಗಿದು ಸ್ಕ್ರೂ ಬಚ್ಚಿಟ್ಟಿದ್ದೇನೆ. ಅವನ ಕೆಲಸ ಯಾವಾಗಲೂ ಶುಂಠಿಯಿಂದ. ನಮ್ಮ ಮನೆಯಲ್ಲಿ ಒಣಶುಂಠಿ ಬಿಟ್ಟರೆ ಗೆಡ್ಡೆಗೆಣಸು, ಹಸಿಶುಂಠಿ ಒಳಗೆ ಬರುವುದಿಲ್ಲ ಅಂತ ಗೊತ್ತಿದ್ದೇ ನನ್ನ ಜೇಬಿಗೆ, ಚಪ್ಪಲಿಗೆ, ಒಂದು ಸಲ ಗಿಟಾರಿನ ಹೊಟ್ಟೆಯೊಳಕ್ಕೇ ಶುಂಠಿ ಬಿಟ್ಟಿದ್ದ. ಪದ್ಧತಿಗೆ ನಿಯಮ ಒಂದೇ: ಕಾರ್ಯಕ್ರಮ ಮುಗಿಯುವುದರೊಳಗೆ ಮಾಡಿದವನು ತಾನೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. "ಒಪ್ಕೊಂಡ್ರೆ ತಮಾಷೆ, ಒಪ್ಕೊಳ್ದಿದ್ರೆ ಕಳ್ತನ," ಅನ್ನುತ್ತಿದ್ದ ಅಚ್ಚಾಯ. ನಿಯಮ ಮಾಡಿದವನು ಅವನೇ.

ಒಂದು ವರ್ಷ ಮೆಣಸಿನ ಕೊಯ್ಲಿನ ಹೊತ್ತಿಗೆ ಅವನ ಹೆಂಡತಿ ತೀರಿಕೊಂಡಳು. ಅಲ್ಲಿಗೆ ಅವನ ಬೋಣಿ ನಿಂತಿತು. ಆಮೇಲೆ ಅವನ ಕತ್ತಿನಲ್ಲಿ ಗೆಡ್ಡೆ ಬಂತು. ಕೋಯಿಕ್ಕೋಡಿನಲ್ಲಿ ಆಪರೇಷನ್ ಆಯಿತು. ಗೆಡ್ಡೆ ಕೆಟ್ಟದ್ದಲ್ಲ ಅಂತ ಗೊತ್ತಾಗಿ ನಾವೆಲ್ಲ ಉಸಿರು ಬಿಟ್ಟೆವು. ಡಾಕ್ಟರು ಮಾತ್ರ ದನಿಯ ನರ ಹತ್ತಿರದಲ್ಲೇ ಹೋಗುತ್ತದೆ, ಸ್ವಲ್ಪ ದಿನ ನೋಡಿ ಅಂದಿದ್ದರಂತೆ. ಅಚ್ಚಾಯ ಓಣಂವರೆಗೆ ನೋಡಿದ. ಓಣಂ ಕಳೆದ ಮೊದಲ ಭಾನುವಾರ ರೆಸಾರ್ಟಿಗೆ ಬಂದು ಮೈಕಿನ ಮುಂದೆ ನಿಂತ.

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ದನಿ ಮೇಲೆ ಹತ್ತಬೇಕಾದ ಜಾಗದಲ್ಲಿ ಹತ್ತಲಿಲ್ಲ. ಒಡೆಯಲೂ ಇಲ್ಲ, ಕೀರಲಾಗಲೂ ಇಲ್ಲ; ಬೇಕಾದ ಸ್ವರಕ್ಕಿಂತ ಒಂದು ಕೂದಲೆಳೆ ಕೆಳಗೆ ಹೋಗಿ ಅಲ್ಲೇ ಆರಾಮವಾಗಿ ಕೂತುಬಿಟ್ಟಿತು. ಅವನಿಗೆ ಅದು ಕೇಳಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ನಾನು ವಾಚರ್ ಕಡೆ ನೋಡಿದೆ, ಅವನು ತನ್ನ ಪೆಟ್ಟಿಗೆ ನೋಡುತ್ತಿದ್ದ.

ಸಾಮಾನು ಜೀಪಿಗೆ ತುಂಬುವಾಗ ವಾಚರ್ ಪಿಸುಗುಟ್ಟಿದ. "ಗೌಡ್ರೆ, ಅಚ್ಚಾಯನ ದನಿ ಜಾರ್ತಾ ಅದೆ."

"ಗೊತ್ತು."

"ಯೋಳಾಣ್ವಾ?"

"ಹೆಂಡ್ತಿ ಹೋಗಿ ಇನ್ನೂ ವರ್ಷ ಆಗಿಲ್ಲ. ಈಗ ದನೀನೂ ಹೋಯ್ತು ಅಂತ ನೀನ್ ಹೇಳ್ತೀಯಾ?"

"ನಾ ಯಾಕೆ ಯೋಳ್ಲಿ? ನೀವ್ ತಾನೆ ದೊಡ್ಡೋರು," ಅಂದು ಪೆಟ್ಟಿಗೆ ಹೊತ್ತುಕೊಂಡು ಹೋದ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಮೂವರಲ್ಲಿ ಸ್ವರ ಹೊರಡಿಸುವ ವಾದ್ಯ ಗಿಟಾರ್ ಒಂದೇ. ಅಚ್ಚಾಯನ ದನಿ ಕೆಳಗಿದೆ ಅಂತ ಕೇಳುವವನಿಗೆ ತಿಳಿಯುವುದು ನನ್ನ ಗಿಟಾರ್ ಮೇಲಿರುವುದರಿಂದ. ಅಳತೆಕೋಲು ನನ್ನ ಕೈಯಲ್ಲಿತ್ತು. ಕೋಲನ್ನೇ ಸ್ವಲ್ಪ ಮಸುಕು ಮಾಡಿದರೆ ಯಾರು ಅಳೆಯುತ್ತಾರೆ? ನನ್ನಂಥ ಕಿಲಾಡಿಗೆ ಇಷ್ಟು ಹೊಳೆಯದಿದ್ದರೆ ಹೇಗೆ!

ಮೊದಲು ಆರೂ ತಂತಿಗಳನ್ನು ಅವನಿಗೆ ಹೇಳದೆ ಅರ್ಧ ಸ್ವರ ಇಳಿಸಿದೆ. ಎರಡು ವಾರ ನಡೆಯಿತು. ಮೂರನೆಯ ವಾರ ಅಲ್ಲೂ ಜಾರಿದ. ಇನ್ನೂ ಇಳಿಸೋಣವೆಂದರೆ ಅವನಿಗೆ ಗೊತ್ತಾಗುತ್ತದೆ. ಕೆಳಗಿನ ಸ್ವರಗಳು ಗಂಟಲಿನ ತಳ ಮುಟ್ಟುತ್ತವೆ. ಬಾಯಿಬಿಟ್ಟು ಕೇಳಿಯೂ ನೋಡಿದೆ. "ಅಚ್ಚಾಯ, ಇಬ್ರಿಗೂ ವಯಸ್ಸಾಯ್ತು, ಶ್ರುತಿ ಒಂದೆರಡು ಮನೆ ಕೆಳಗಿಟ್ಟು ಹಾಡಿದ್ರೆ ಏನ್ ಹೋಗತ್ತೆ?"

"ಎಡೋ ಗೌಡಾ, ನಿಂಗೆ ವಯಸ್ಸಾಯ್ತು ಅಂದ್ರೆ ನೀನು ಕೆಳಗೆ ಕೂತ್ಕೊ. ನಾನು ಯಾಕೆ ಇಳೀಬೇಕು?"

ಆಗ ಮೈಸೂರಿಗೆ ಹೋಗಿ ಆ ಡಬ್ಬಿ ತಂದೆ. ಮಾಡ್ಯುಲೇಷನ್ ಪೆಡಲ್ ಅಂತ ಹೆಸರು. ಎಲೆಅಡಿಕೆ ಡಬ್ಬಿಯಷ್ಟು ಗಾತ್ರ, ಮೇಲೆ ನಾಲ್ಕು ತಿರುಪು, ಕಾಲಲ್ಲಿ ಒತ್ತಲು ಒಂದು ಗುಂಡಿ. ಗಿಟಾರಿನ ವೈರ್ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೊರಟು ಆಂಪ್ಲಿಫೈಯರಿಗೆ ಹೋಗುತ್ತದೆ. ನಡುವೆ ಡಬ್ಬಿ ಸ್ವರವನ್ನು ಅಲುಗಾಡಿಸಿ ಕಳಿಸುತ್ತದೆ. ಹೇಗೆ ಅಲುಗಾಡಿಸಬೇಕು ಅನ್ನುವುದು ಮೊದಲ ತಿರುಪಿನಲ್ಲಿ. ಹತ್ತು ಬಗೆ ಇವೆ, ಆದರೆ ಒಂದು ಸಲಕ್ಕೆ ಒಂದೇ. ಉಳಿದ ಮೂರು ತಿರುಪುಗಳಲ್ಲಿ ಎಷ್ಟು ಬೇಗ, ಎಷ್ಟು ಆಳ, ಎಷ್ಟು ಬೆರಕೆ ಅನ್ನುವುದನ್ನು ಹಿಡಿಯಬೇಕು.

ಕಾಫಿ ಕಣದ ಪಕ್ಕದ ಕೋಣೆಯಲ್ಲಿ ಒಂದು ವಾರ ಕೂತೆ. ಅಚ್ಚಾಯನ ಒಂದು ಹಾಡನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ, ಅದನ್ನು ಹಾಕಿ ಅದರ ಜೊತೆಗೆ ಬಾರಿಸಿ ನೋಡುವುದು. ಫೇಸರ್ ಎಂಬ ಬಗೆ ಹಾಕಿದರೆ ಕೊಡದೊಳಗೆ ಸೊಳ್ಳೆ ಹೊಕ್ಕ ಹಾಗೆ. ಫ್ಲ್ಯಾಂಜರ್ ಹಾಕಿದಾಗ ನನ್ನ ಹೆಂಡತಿ ವಿಮಾನ ಬಂತೆಂದು ಅಂಗಳಕ್ಕೆ ಓಡಿದಳು. ಟ್ರೆಮೊಲೊ ಸದ್ದನ್ನು ಹೆಚ್ಚುಕಡಿಮೆ ಮಾಡುತ್ತದೆ, ನಿಧಾನದ ಹಾಡಿಗೆ ಬಹಳ ಚಂದ. ಆದರೆ ಅವನು ಜಾರುವ ಗಳಿಗೆಗೇ ಸದ್ದು ಏರಿ ಗುಟ್ಟು ರಟ್ಟು ಮಾಡುತ್ತಿತ್ತು. ವೈಬ್ರಾಟೊ ಇಡೀ ಸ್ವರವನ್ನೇ ಮೇಲೆ ಕೆಳಗೆ ತೂಗುತ್ತದೆ. ಒಂದು ಭಾನುವಾರ ಅದನ್ನು ಹಾಕಿದ್ದಕ್ಕೆ ಅಚ್ಚಾಯ ಅದರ ಹಿಂದೆಯೇ ಹೋಗಿ ಕುಡಿದವನಂತೆ ಹಾಡಿದ.

ಕೊನೆಗೆ ಒದಗಿದ್ದು ಕೋರಸ್. ಅದು ಬಾರಿಸಿದ ಸ್ವರಕ್ಕೆ ಇನ್ನೊಂದು ನಕಲು ಸ್ವರ ಹುಟ್ಟಿಸುತ್ತದೆ. ನಕಲು ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ತೂಗುತ್ತ ಅಸಲಿಯ ಜೊತೆ ಸೇರಿಕೊಳ್ಳುತ್ತದೆ. ಗೆರೆಯಂತಿದ್ದ ಸ್ವರ ಆಗ ಗೋಡೆಗೆ ಬಳಿದ ಸುಣ್ಣದ ಪಟ್ಟಿಯಷ್ಟು ಅಗಲವಾಗುತ್ತದೆ. ವೇಗ ನಿಧಾನ, ಆಳ ಮುಕ್ಕಾಲು, ಬೆರಕೆ ಅರ್ಧಕ್ಕಿಂತ ಒಂದು ಚೂರು ಹೆಚ್ಚು. ಅಷ್ಟು ಇಟ್ಟರೆ ಅಚ್ಚಾಯನ ಜಾರಿದ ಸ್ವರ ಆ ಪಟ್ಟಿಯೊಳಗೇ ಬೀಳುತ್ತಿತ್ತು. ಮೂರು ತಿರುಪುಗಳಿಗೂ ಹೆಂಡತಿಯ ಉಗುರುಬಣ್ಣದಿಂದ ಚುಕ್ಕೆ ಇಟ್ಟೆ. ಬಗೆ ಆರಿಸುವ ತಿರುಪಿಗೆ ಇಡಲಿಲ್ಲ. ಅದನ್ನು ಕೋರಸ್ಸಿನಿಂದ ಕದಲಿಸುವ ಪ್ರಮೇಯವೇ ಬರುವುದಿಲ್ಲ ಅಂದುಕೊಂಡಿದ್ದೆ.

ಬೆಲೆ ನಾನು ಕೊಡಬೇಕಾಯಿತು. ಕಂಟ್ರಿ ಗಿಟಾರ್ ಅಂದರೆ ಒಂದೊಂದು ಸ್ವರವೂ ಕಲ್ಲು ಒಡೆದ ಹಾಗೆ ಬಿಡಿಬಿಡಿಯಾಗಿ ಸಿಡಿಯಬೇಕು. ನನ್ನ ಹೆಮ್ಮೆಯೇ ಅದು. ಈಗ ಎಲ್ಲವೂ ನೆನೆಹಾಕಿದ ಅವಲಕ್ಕಿ. ರೆಸಾರ್ಟಿನ ಮ್ಯಾನೇಜರ್ ಬಂದು, ಗಿಟಾರ್ ನೀರಿನಲ್ಲಿ ಮುಳುಗಿದ ಹಾಗೆ ಕೇಳುತ್ತಿದೆಯಲ್ಲ ಅಂದ. ಹೊಸ ಫ್ಯಾಷನ್ ಅಂದೆ. ಅಚ್ಚಾಯನಂತೂ ಬಿಡಲೇ ಇಲ್ಲ.

"ಡಬ್ಬಿ ಇಲ್ದೆ ಬಾರ್ಸಕ್ಕೆ ಬರಲ್ಲ ಅಲ್ವಾ ಗೌಡಾ ಈಗ? ಬೆರಳು ಹೋಯ್ತು. ಪಾಪ."

"ಹೌದು ಕಣಚ್ಚಾಯ, ಹೋಯ್ತು," ಅನ್ನುತ್ತಿದ್ದೆ. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಆಡಿದ ಮಾತು ಬೇರೆ ಇಲ್ಲ. ವಾಚರ್ ತಲೆ ತಗ್ಗಿಸಿ ನಗುತ್ತಿದ್ದ.

ಹೀಗೆ ಐದು ತಿಂಗಳು ಕಳೆದವು. ಭಾನುವಾರ ಭಾನುವಾರ ನಾನು ಬೋಣಿ ಮಾಡುತ್ತಿದ್ದೆ, ಒಪ್ಪಿಕೊಳ್ಳುತ್ತಿದ್ದೆ. ಅವನು ತೆಳ್ಳಗೆ ನಕ್ಕು ಸುಮ್ಮನಾಗುತ್ತಿದ್ದ. ತಿರುಗಿ ಒಂದನ್ನೂ ಮಾಡಲಿಲ್ಲ.

ಮತ್ತೆ ಮೆಣಸಿನ ಕೊಯ್ಲು ಬಂತು, ಅವನ ಹೆಂಡತಿಯ ವರ್ಷದ ದಿನವೂ ಹತ್ತಿರವಾಯಿತು. ಬೆಳಿಗ್ಗೆ ಚರ್ಚಿನಲ್ಲಿ ಪ್ರಾರ್ಥನೆ, ಮಧ್ಯಾಹ್ನ ಪಕ್ಕದ ಸಭೆಯ ಹಾಲ್‌ನಲ್ಲಿ ಊಟ. ಊಟಕ್ಕೆ ಮೊದಲು ಅವಳಿಗೆ ಇಷ್ಟವಾಗಿದ್ದ ಹಾಡು ಹಾಡುತ್ತೇನೆ ಅಂತ ಅಚ್ಚಾಯ ಪಾದ್ರಿಯವರನ್ನು ಒಪ್ಪಿಸಿದ. ರೈಲು ತಪ್ಪಿಸಿಕೊಂಡ ಗಂಡಸಿನ ಹಾಡು ಅದು. ಮೂರನೆಯ ಸಾಲಿನಲ್ಲಿ ಅವನು ರೈಲಿನ ಹಿಂದೆ ಓಡುತ್ತ ಅವಳ ಹೆಸರು ಕೂಗುತ್ತಾನೆ. ಆ ಕೂಗು ಅಚ್ಚಾಯನ ಹಾಡುಗಳಲ್ಲೇ ಎಲ್ಲಕ್ಕಿಂತ ಮೇಲಿನ ಸ್ವರ. ಹೆಂಡತಿ ಬದುಕಿದ್ದಾಗ ಆ ಕೂಗು ಬಂದರೆ ಅಡುಗೆಮನೆಯಲ್ಲಿದ್ದವಳು ಸೌಟು ಹಿಡಿದೇ ಬಾಗಿಲಿಗೆ ಬರುತ್ತಿದ್ದಳು. ನಾನೇ ನೋಡಿದ್ದೇನೆ.

ಒಂದು ವಾರ ಮುಂಚೆ ಅವನ ಮಗಳು ನಮ್ಮ ಮನೆಗೆ ಬಂದಳು. ಪುಲ್ಪಳ್ಳಿಯಲ್ಲೇ ಟೀಚರ್. ಚಿಕ್ಕವಳಿದ್ದಾಗ ಶುಂಠಿ ಗದ್ದೆಯ ಶೆಡ್ಡಿನಲ್ಲಿ ಬೆಳೆದದ್ದರಿಂದ ಅವಳಿಗೂ ಕನ್ನಡ ಬರುತ್ತದೆ, ಅದೂ ಹಳ್ಳಿ ಮಕ್ಕಳ ಕನ್ನಡ.

"ಗೌಡ ಅಂಕಲ್, ಒಂದು ಕೇಳ್ತೀನಿ, ತಮಾಷೆ ಮಾಡ್ಬಾರ್ದು. ಚಾಚನ ದನಿ ಹೆಂಗದೆ?"

"ನಿಮ್ಮಪ್ಪಂದಾ? ಕಾಡಲ್ಲಿ ಆನೆ ಕೇಳಿದ್ರೆ ಸಂಬಂಧ ಕೇಳ್ಕೊಂಡ್ ಬರತ್ತೆ."

"ಅಂಕಲ್." ಅವಳು ನಗಲಿಲ್ಲ. "ಮನೇಲಿ ಹಾಡೋವಾಗ ನಂಗೆ ಏನೋ ಸರಿ ಇಲ್ಲ ಅನ್ಸುತ್ತೆ. ನಂಗೆ ಸಂಗೀತ ಗೊತ್ತಿಲ್ಲ. ನಿಮಗೆ ಗೊತ್ತು. ಸರಿ ಇಲ್ಲ ಅಂದ್ರೆ ಹೇಳ್ಬಿಡಿ, ಅಮ್ಮಚ್ಚಿಯ ದಿನ ಹಾಡೋದು ಬೇಡ ಅಂತ ನಾನೇ ಏನಾದ್ರೂ ಹೇಳಿ ತಪ್ಪಿಸ್ತೀನಿ. ಅಷ್ಟು ಜನದ ಮುಂದೆ ಚಾಚನ್ ಸಣ್ಣೋನಾಗ್ಬಾರ್ದು."

ಹೇಳಬಹುದಿತ್ತು. ಅದಕ್ಕಿಂತ ಒಳ್ಳೆಯ ಬಾಗಿಲು ಯಾರೂ ತೆರೆದುಕೊಡುವುದಿಲ್ಲ. ಅವಳು ಮೆತ್ತಗೆ ತಪ್ಪಿಸುತ್ತಿದ್ದಳು, ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಐದು ತಿಂಗಳಿಂದ ಯಾರಿಗೂ ಗೊತ್ತಾಗದ ಹಾಗೆ ನಡೆಸಿಕೊಂಡು ಬಂದವನಿಗೆ ಒಂದು ಅಮಲು ಹತ್ತಿರುತ್ತದೆ.

"ನಾನಿದೀನಲ್ಲ," ಅಂದೆ. "ನಾನಿರೋವರ್ಗೂ ನಿಮ್ಮಪ್ಪನ ಒಂದ್ ಸ್ವರಾನೂ ಕೆಳಗೆ ಬೀಳಲ್ಲ."

ಅವಳು ನಂಬಿದಳು. ಕಾಫಿ ಕುಡಿದು ಬಸ್ಸು ಹಿಡಿದಳು.

ಆ ದಿನ ಬೆಳಿಗ್ಗೆಯೇ ಹಾಲ್‌ಗೆ ಹೋಗಿ ಸಾಮಾನು ಜೋಡಿಸಿದೆ. ಕರೆಂಟು ನೆಚ್ಚಿಕೊಳ್ಳುವ ಹಾಗಿಲ್ಲವೆಂದು ಡಬ್ಬಿಗೆ ಹೊಸ ಬ್ಯಾಟರಿ ಹಾಕಿದೆ. ತಿರುಪುಗಳನ್ನು ಚುಕ್ಕೆಗೆ ಸರಿಯಾಗಿ ಇಟ್ಟೆ. ಒಂದು ಸಲ ಒತ್ತಿ ಬಾರಿಸಿ ನೋಡಿದೆ, ಸುಣ್ಣದ ಪಟ್ಟಿ ಸರಿಯಾಗಿ ಬಂತು. ಆಫ್ ಮಾಡಿದೆ. ಆಮೇಲೆ ಬೋಣಿ. ಅಚ್ಚಾಯನ ಹಾಡಿನ ಪುಸ್ತಕದಲ್ಲಿ ಮೊದಲ ಹಾಡಿನ ಮೇಲೆ ನಮ್ಮ ಕಾಫಿ ಬೋರ್ಡಿನ ಗೊಬ್ಬರದ ಕರಪತ್ರ ಅಂಟಿಸಿದೆ. ಪ್ರಾರ್ಥನೆ ಮುಗಿಸಿ ಬಂದವನು ಪುಸ್ತಕ ತೆರೆದು ಓದಿದ: "ಎಕರೆಗೆ ಎರಡು ಚೀಲ..." ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಂದು ವರ್ಷದಲ್ಲಿ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬಿಳಿ ಶರ್ಟು ಹಾಕಿದ್ದ, ಮುಖದಲ್ಲಿ ಹಳೆಯ ಕಳೆ.

"ನಾನೇ ಅಂಟ್ಸಿದ್ದು," ಅಂತ ಒಪ್ಪಿಕೊಂಡೆ.

"ಶೆರಿ ಶೆರಿ. ಇರು ನಿಂಗೆ," ಅಂದ.

ನಾನು ಕೈ ತೊಳೆದು ನೀರು ಕುಡಿದು ಬರಲು ಹೊರಗೆ ಹೋದೆ. ಐದು ನಿಮಿಷ ಆಗಿರಬೇಕು.

ಹಾಲ್ ಜನರಿಂದ ತುಂಬಿತ್ತು. ಮೊದಲು ಒಂದು ಭಕ್ತಿಯ ಹಾಡು. ಅದರಲ್ಲಿ ಮೇಲಿನ ಸ್ವರಗಳಿಲ್ಲ, ಡಬ್ಬಿ ಬೇಕಾಗಲಿಲ್ಲ. ಬಹಳ ದಿನದ ಮೇಲೆ ನನ್ನ ಬೆರಳುಗಳು ಕಲ್ಲು ಒಡೆದವು. ಎರಡನೆಯದೇ ಅವಳ ಹಾಡು. ವಾಚರ್ ಪೆಟ್ಟಿಗೆಯ ಮೇಲೆ ನಿಧಾನವಾಗಿ ರೈಲು ಹೊರಡಿಸಿದ. ನಾನು ಡಬ್ಬಿಯ ಗುಂಡಿ ಒತ್ತಿ ಮೊದಲ ತಂತಿ ಮೀಟಿದೆ.

ಸುರುಳಿ ಸಿಕ್ಕಿಹಾಕಿಕೊಂಡ ಕ್ಯಾಸೆಟ್ಟಿನ ಹಾಗೆ ಗಿಟಾರ್ ಊಂಯ್‌ಊಂಯ್ ಎಂದು ಅಳತೊಡಗಿತು. ವೈಬ್ರಾಟೊ, ಅದೂ ವೇಗ ಪೂರ್ತಿ. ಹಿಂದಿನ ಬೆಂಚಿನಿಂದ ಮುಂದಿನವರೆಗೆ ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಚ್ಚಾಯ. ಮೈಕಿನೊಳಕ್ಕೇ ಕನ್ನಡದಲ್ಲಿ ಕೂಗಿದ: "ಹೆಂಗೈತೆ ಗೌಡಾ? ಬೋಣಿ! ನಾನೇ ತಿರುಗ್ಸಿದ್ದು, ಒಪ್ಕೊಂಡೆ!"

ವರ್ಷದ ಮೇಲೆ ಅವನ ಮೊದಲ ಬೋಣಿ ಅದು. ಆ ಡಬ್ಬಿ ನನ್ನ ಬೆರಳಿನ ಊರುಗೋಲು ಅಂತ ಅವನು ನಂಬಿದ್ದ, ಅದಕ್ಕೇ ಅದನ್ನು ಆರಿಸಿಕೊಂಡಿದ್ದ. ನಂಬಿಸಿದವನು ನಾನೇ.

ಬಗ್ಗಿ ನೋಡಿದೆ. ಬಗೆಯ ತಿರುಪಿನ ಅಕ್ಷರಗಳು ಸಾಸಿವೆಯಷ್ಟು ಸಣ್ಣ. ಕನ್ನಡಕ ಗಿಟಾರ್ ಪೆಟ್ಟಿಗೆಯಲ್ಲಿತ್ತು. ಎರಡು ಮನೆ ತಿರುಗಿಸಿ ಬಾರಿಸಿದರೆ ವಿಮಾನ ಬಂತು. ಜನ ಇನ್ನೂ ನಕ್ಕರು. ಅಷ್ಟರಲ್ಲಿ ಅಚ್ಚಾಯ ಕಣ್ಣು ಮುಚ್ಚಿ ಹಾಡು ಎತ್ತಿಯೇ ಬಿಟ್ಟಿದ್ದ. ಬೇರೆ ದಾರಿ ಕಾಣದೆ ಡಬ್ಬಿ ಆಫ್ ಮಾಡಿ ಬರಿಯ ಗಿಟಾರಿನಲ್ಲೇ ಹಿಂದೆ ಹೋದೆ.

ಮೊದಲ ಸಾಲು, ಎರಡನೆಯ ಸಾಲು ದಾಟಿದೆವು. ಮೂರನೆಯದರಲ್ಲಿ ಅವನು ಹೆಸರು ಕೂಗಿದ. ಗಿಟಾರಿನ ಸ್ವರ ಮೊಳೆ ಹೊಡೆದ ಹಾಗೆ ಒಂದು ಕಡೆ ನಿಂತಿತ್ತು, ಅವನ ದನಿ ಅದರ ಕೆಳಗೆ ನೇತಾಡುತ್ತಿತ್ತು. ನಡುವಿನ ಬಿರುಕು ಪಾತ್ರೆ ಉಜ್ಜುವ ಹೆಂಗಸಿಗೂ ಕೇಳಿಸುವಷ್ಟಿತ್ತು. ನಗು ನಿಂತಿತು. ಅಚ್ಚಾಯ ಕಣ್ಣು ತೆರೆದ. ನನ್ನ ಗಿಟಾರ್ ನೋಡಿದ, ಡಬ್ಬಿಯ ಆರಿದ ಕೆಂಪು ದೀಪ ನೋಡಿದ. ಎರಡನೆಯ ಸಲ ಆ ಸಾಲು ಬಂದಾಗ ಕತ್ತಿನ ನರ ಉಬ್ಬಿಸಿ ಹತ್ತಲು ನೋಡಿದ, ಇನ್ನೂ ಕೆಳಗೆ ಬಿದ್ದ. ಮುಂದಿನ ಬೆಂಚಿನಲ್ಲಿ ಮಗಳು ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಅವಳು ನೋಡುತ್ತಿದ್ದದ್ದು ಅಪ್ಪನನ್ನಲ್ಲ, ನನ್ನನ್ನು.

ಮೂರನೆಯ ಸಲ ಬರುವುದಕ್ಕೆ ಎಂಟು ತಾಳ ಇತ್ತು. ಹಾಡು ನಿಲ್ಲಿಸಿದರೆ ಅವನು ಸೋತ ಹಾಗೆ. ಹೀಗೇ ಹೋದರೆ ಇನ್ನೊಮ್ಮೆ ಸೋಲುತ್ತಾನೆ. ನನ್ನ ಎಡಗೈ ತಾನಾಗಿ ಗಿಟಾರಿನ ತಲೆಗೆ ಹೋಯಿತು. ಎರಡನೆಯ ತಂತಿಯ ಬಿರಡೆಯನ್ನು ಎರಡು ಸುತ್ತು ಸಡಿಲಿಸಿದೆ, ಮೂರನೆಯದನ್ನೂ ಸಡಿಲಿಸಿ ಪೂರ್ತಿ ಬಲದಿಂದ ಬಾರಿಸಿದೆ. ಹಂಚಿನ ಮೇಲೆ ತಗಡು ಎಳೆದ ಸದ್ದು. ಮತ್ತೆ ಬಾರಿಸಿದೆ. ಈ ಬೆರಳು ಜೀವಮಾನದಲ್ಲಿ ಹೊರಡಿಸದ ಹೊಲಸು ಸ್ವರಗಳನ್ನೆಲ್ಲ ಒಂದೇ ಸಮ ಹೊರಡಿಸಿ, ಮೈಕಿಗೆ ಬಾಗಿ ಮಲಯಾಳದಲ್ಲಿ ಹೇಳಿದೆ: "ಕ್ಷಮಿಸಬೇಕು. ಗಿಟಾರ್ ಮೊದಲಿಂದಲೂ ತಪ್ಪಿತ್ತು. ಮುದುಕನಿಗೆ ಕಿವಿ ಕೇಳುವುದಿಲ್ಲ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಪಾದ್ರಿಯವರು ಕಣ್ಣೊರೆಸಿಕೊಂಡರು. ಇಷ್ಟು ಹೊತ್ತು ಅಚ್ಚಾಯನ ದನಿಯನ್ನು ಕೆಡಿಸಿದವನು ಈ ಗೌಡನೇ ಅಂತ ಎಲ್ಲರಿಗೂ ಸಮಾಧಾನವಾಯಿತು. ಮಗಳ ಕೈ ಬಾಯಿಂದ ಕೆಳಗಿಳಿಯಿತು. ನಗದೆ ಇದ್ದವರು ಇಬ್ಬರೇ, ವಾಚರ್ ಮತ್ತು ಅಚ್ಚಾಯ. ಅಚ್ಚಾಯ ಹಾಡಿನ ಪುಸ್ತಕ ಮುಚ್ಚಿದ. ಆಮೇಲೆ, "ಎಲ್ಲರೂ ಊಟಕ್ಕೆ ಏಳಿ," ಅಂದ.

ಹಾಲ್‌ನ ಹಿಂದೆ ಕೈ ತೊಳೆಯುವ ನಲ್ಲಿಗಳ ಹತ್ತಿರ ಅವನು ನನ್ನನ್ನು ಹಿಡಿದ.

"ಎಷ್ಟು ದಿನದಿಂದ?"

"ಏನು?"

"ಗೌಡಾ."

"ಓಣಂ ಆದ್ಮೇಲಿಂದ," ಅಂದೆ.

"ಡಬ್ಬಿ ನಿನ್ನ ಬೆರಳಿಗೆ ಅಲ್ಲ. ನಂಗೆ ತಂದಿದ್ದು."

ನಾನು ನಲ್ಲಿಗೆ ಕೈಯೊಡ್ಡಿ ತೊಳೆಯತೊಡಗಿದೆ.

"ಅವನಿಗೆ ಗೊತ್ತಾ?" ವಾಚರ್ ಕಡೆ ಗದ್ದ ತೋರಿಸಿದ.

"ಗೊತ್ತು."

"ಮೋಳು ನಿನ್ನ ಮನೆಗೆ ಬಂದಿದ್ಲಲ್ಲ. ಅವಳಿಗೆ ಏನ್ ಹೇಳ್ದೆ?"

"ಚೆನ್ನಾಗಿದೆ ಅಂದೆ."

ಅವನು ನಲ್ಲಿ ತಿರುಗಿಸಿ ಮುಖ ತೊಳೆದ. ನೀರು ಹಾಗೇ ಹರಿಯಲು ಬಿಟ್ಟ. "ನಾನು ಡಬ್ಬಿ ತಿರುಗ್ಸಿದೆ, ಅಲ್ಲೇ ಒಪ್ಕೊಂಡೆ. ಎಲ್ರ ಮುಂದೆ. ನೀನು ಐದು ತಿಂಗಳು ಮಾಡ್ದೆ. ಭಾನುವಾರ ಭಾನುವಾರ ಬೇವಿನ ನೀರು ಒಪ್ಕೊಂಡೆ, ಸ್ಕ್ರೂ ಒಪ್ಕೊಂಡೆ. ಇದನ್ನ ಒಪ್ಕೊಳ್ಲಿಲ್ಲ."

"ನಿಂಗೆ ನೋವಾಗ್ಬಾರ್ದು ಅಂತ ಅಚ್ಚಾಯ—"

"ಅವಳ ದಿನ ಗೊತ್ತಾಗ್ಬೇಕಿತ್ತಾ ನಂಗೆ? ಯಾವ್ದೋ ಭಾನುವಾರ, ಮೀನು ತಿನ್ನೋರ ಮುಂದೆ ಗೊತ್ತಾಗಿದ್ರೆ ಆಗ್ತಿರ್ಲಿಲ್ವಾ?"

ನಾನು ಹರಿಯುತ್ತಿದ್ದ ನಲ್ಲಿ ನಿಲ್ಲಿಸಿದೆ. ಗೆಡ್ಡೆಯಿಲ್ಲದ ಅಡುಗೆ ಬೇರೆ ಮಾಡಿಸಿ ನನಗೊಂದು ಎಲೆ ಹಾಕಿಸಿದ್ದ. ಕೂತು ಉಂಡೆ. ಏನು ಉಂಡೆನೋ ನೆನಪಿಲ್ಲ.

ಮುಂದಿನ ಭಾನುವಾರ ಅವನು ರೆಸಾರ್ಟಿಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮ್ಯಾನೇಜರ್ ಒಬ್ಬ ಕೀಬೋರ್ಡಿನವನನ್ನು ಕರೆಸಿದ. ನಾನು ಫೋನ್ ಮಾಡಿದರೆ ಮಗಳು ಎತ್ತುತ್ತಿದ್ದಳು. "ಚಾಚನ್ ತೋಟದಲ್ಲಿದಾರೆ," ಅನ್ನುತ್ತಿದ್ದಳು. ಅಂಕಲ್ ಅನ್ನುವುದನ್ನು ಬಿಟ್ಟಿದ್ದಳು. ಒಂದು ದಿನ ವಾಚರ್ ಡ್ಯೂಟಿ ಮುಗಿಸಿ ನಮ್ಮ ಮನೆಯ ಕಡೆ ಬಂದು ಜಗುಲಿಯ ಮೇಲೆ ಕೂತ.

"ಓಗಿ ಬನ್ನಿ ಗೌಡ್ರೆ."

"ಬೈತಾನೆ."

"ಬೈಸ್ಕಳಿ. ಒಂಟಿಸಲಗದ ಮುಂದೆ ಓಡಿದ್ರೆ ಅದು ಬೆನ್ನಟ್ಟುತ್ತೆ. ಡಬ್ಬಿ ತಕ್ಕೊಂಡೋಗ್ಬೇಡಿ."

ಗಿಟಾರ್ ಮಾತ್ರ ತೆಗೆದುಕೊಂಡು ಪುಲ್ಪಳ್ಳಿಯ ಬಸ್ಸು ಹತ್ತಿದೆ. ಅಚ್ಚಾಯ ಅಂಗಳದಲ್ಲಿ ಮೆಣಸು ಹರಡುತ್ತಿದ್ದ. ಎರಡು ಚಾಪೆಯಷ್ಟೇ ಉಳಿದಿತ್ತು, ಕೊಯ್ಲು ಮುಗಿಯುತ್ತ ಬಂದಿತ್ತು. ನನ್ನನ್ನು ನೋಡಿ ಏಳಲಿಲ್ಲ, ಕೂರು ಅನ್ನಲೂ ಇಲ್ಲ. ನಾನೇ ಮೆಟ್ಟಿಲ ಮೇಲೆ ಕೂತೆ. ಪಾದದಿಂದ ಮೆಣಸು ಕೆದಕುತ್ತ ಅವನು ಹೇಳಿದ: "ಒಪ್ಕೋ."

"ಏನಂತ?"

"ಮೊದಲಿಂದ. ಯಾವ ಹಾಡಲ್ಲಿ, ಎಲ್ಲಿ, ಎಷ್ಟು. ಒಂದೂ ಬಿಡ್ಬಾರ್ದು."

ಒಪ್ಪಿಕೊಂಡೆ. ಮೊದಲ ಭಾನುವಾರದಿಂದ ಹಿಡಿದು ಹೇಳಿದೆ. ತಂತಿ ಇಳಿಸಿದ್ದು, ಮೊಬೈಲಿನಲ್ಲಿ ಅವನ ದನಿ ಹಿಡಿದದ್ದು, ಉಗುರುಬಣ್ಣದ ಚುಕ್ಕೆ. ಯಾವ ಹಾಡಿನ ಯಾವ ಮಾತಿನಲ್ಲಿ ಅವನು ಜಾರುತ್ತಾನೆ ಅನ್ನುವುದು ನನಗೆ ಬಾಯಿಪಾಠವಾಗಿತ್ತು. ಅವನು ಅಡ್ಡ ಮಾತಾಡದೆ ಕೇಳಿದ. ಎರಡೂ ಚಾಪೆಯ ಮೆಣಸು ಎರಡೆರಡು ಸಲ ಮಗುಚಿ ಆಯಿತು. ಕೊನೆಗೆ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತು ಕೈ ಒರೆಸಿಕೊಂಡ.

"ಇಳ್ಸು," ಅಂದ.

ಅರ್ಧ ಸ್ವರ ಇಳಿಸಿದೆ. ಅವನು ಗುನುಗಿ ನೋಡಿ ತಲೆ ಆಡಿಸಿದ. "ಇನ್ನೂ ಇಳ್ಸು." ಇನ್ನೊಂದು ಇಳಿಸಿದೆ. "ಇನ್ನೂ." ತಂತಿಗಳು ಜೋಲು ಬಿದ್ದು ಗಿಟಾರಿನ ಕೊರಳಿನ ಫ್ರೆಟ್ ಪಟ್ಟಿಗಳಿಗೆ ತಗುಲಿ ಕರಕರ ಅನ್ನತೊಡಗಿದವು. ಇದಕ್ಕಿಂತ ಕೆಳಗೆ ಗಿಟಾರ್ ಗಿಟಾರಾಗಿರುವುದಿಲ್ಲ ಅಂದೆ. ಸಾಕು ಅಂದ.

ಹಾಡಿದ. ಅವಳ ಹಾಡೇ. ಮಗಳು ಒಳಗಿಂದ ಬಂದು ಬಾಗಿಲಿನಲ್ಲಿ ನಿಂತಳು. ಹಾಡುವುದು ಅನ್ನುವುದಕ್ಕಿಂತ ಪಕ್ಕದಲ್ಲಿರುವವರಿಗೆ ಹೇಳಿದ ಹಾಗಿತ್ತು. ಮೂರನೆಯ ಸಾಲಿನ ಕೂಗು ಕೂಗಾಗಿ ಬರಲಿಲ್ಲ. ರೈಲಿನ ಹಿಂದೆ ಓಡುವುದನ್ನು ಬಿಟ್ಟು ಪ್ಲಾಟ್‌ಫಾರಮ್ಮಿನ ಮೇಲೆ ನಿಂತವನು ತನ್ನೊಳಗೇ ಹೆಸರು ಹೇಳಿಕೊಂಡ ಹಾಗೆ ಬಂತು. ಆದರೆ ಸ್ವರ ಕೂದಲೆಳೆಯಷ್ಟೂ ಜಾರಲಿಲ್ಲ, ಗಿಟಾರಿನ ಮೇಲೆಯೇ ಕೂತಿತು. ನಾನು ಬಚ್ಚಿಡಬೇಕಾದ್ದು ಏನೂ ಇರಲಿಲ್ಲ.

"ಸರಿಯಾಗಿತ್ತು ಅಚ್ಚಾಯ. ಆಣೆಗೂ."

"ಸರಿಯಾಗಿತ್ತು," ಅಂದ ಅವನು. ಬಾಗಿಲಿನ ಕಡೆ ತಿರುಗಿದ. ಅಲ್ಲಿ ಮಗಳು ನಿಂತಿದ್ದಳು, ಕೈಯಲ್ಲಿ ಏನೂ ಇರಲಿಲ್ಲ. "ಅವಳಿದ್ದಿದ್ರೆ ಇದಕ್ಕೆ ಎದ್ದು ಬರ್ತಿರ್ಲಿಲ್ಲ. ಮೇಲಿಂದು ಕೇಳಿದ್ರೇನೇ ಬರ್ತಿದ್ದಿದ್ದು."

ಬಿಸಿಲು ಇಳಿಯುವವರೆಗೆ ಕೂತಿದ್ದೆವು. ರೆಸಾರ್ಟಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟದ ಹೊತ್ತು ಮೀರುತ್ತದೆ ಅಂತ ಅವನೇ ಎಬ್ಬಿಸಿದ. ನಾನು ಕಾಲು ತೊಳೆಯಲು ಹೋದಾಗ ಗಿಟಾರನ್ನು ಪೆಟ್ಟಿಗೆಗೆ ಹಾಕಿ ಬೀಗ ಒತ್ತಿ ಬಸ್ ಸ್ಟಾಪಿನವರೆಗೆ ಹೊತ್ತುಕೊಂಡು ಬಂದ.

ಮರುದಿನ ಬೆಳಿಗ್ಗೆ ಬಾರಿಸಲು ಕೂತೆ. ತಂತಿಗಳನ್ನು ಮೇಲೆ ಏರಿಸಲು ಮನಸ್ಸಾಗಲಿಲ್ಲ. ಹಾಗೇ ಇರಲಿ ಅಂತ ಪೆಟ್ಟಿಗೆಯ ಸಣ್ಣ ಗೂಡಿಗೆ ಕೈ ಹಾಕಿದರೆ ತಂತಿ ಮೀಟುವ ನನ್ನ ಹಳೆಯ ಆಮೆಚಿಪ್ಪಿನ ಬಣ್ಣದ ಪಿಕ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ಒಣಶುಂಠಿಯ ಚೂರು, ಚಾಕುವಿನಲ್ಲಿ ಕೆತ್ತಿ ಪಿಕ್ಕಿನ ಹಾಗೆ ಮೂರು ಮೂಲೆ ಮಾಡಿದ್ದು. ಅಂಚನ್ನು ನುಣ್ಣಗೆ ಉಜ್ಜಿದ್ದ. 'ಇರು ನಿಂಗೆ' ಅಂದಿದ್ದ ಆ ದಿನಕ್ಕೂ ಮೊದಲೇ ಕೂತು ಮಾಡಿಟ್ಟಿದ್ದನೋ, ಆಮೇಲೆ ಮಾಡಿದ್ದೋ, ಗೊತ್ತಿಲ್ಲ.

ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ. ಮೆಣಸಿನ ಧಾರಣೆ, ಮೊಣಕಾಲು ನೋವು, ವಾಚರ್‌ನನ್ನು ಆನೆ ಅಟ್ಟಿಸಿಕೊಂಡು ಬಂದದ್ದು. ಅಚ್ಚಾಯ ಮತ್ತೆ ಎಲ್ಲಿಯೂ ಹಾಡಿಲ್ಲ. ಶುಂಠಿಯ ವಿಷಯ ಅವನು ಇನ್ನೂ ಒಪ್ಪಿಕೊಂಡಿಲ್ಲ. ಕಾರ್ಯಕ್ರಮ ಮುಗಿಯುವುದರೊಳಗೆ ಒಪ್ಪಿಕೊಳ್ಳಬೇಕು ಅನ್ನುವುದು ಅವನೇ ಮಾಡಿದ ನಿಯಮ, ಮರೆಯುವವನಲ್ಲ; ಅವನ ಲೆಕ್ಕದಲ್ಲಿ ಕಾರ್ಯಕ್ರಮ ಇನ್ನೂ ಮುಗಿದಿಲ್ಲವೇನೋ. ನಾನೂ ಕೇಳುವುದಕ್ಕೆ ಹೋಗಿಲ್ಲ.